ಲೆಕ್ಕ ಕಲಿಯುವುದೆಲ್ಲಿ?

ಪಿ.ಯು.ಸಿ. ಫಲಿತಾಂಶ ಹೊರಬಿದ್ದ ವಾರ ಅಧ್ಯಾಪಕರ ಮನೆಗೆ ನೆಂಟರ ಬರವು ಹೆಚ್ಚು. ವರ್ಷವೆಲ್ಲ ನಮ್ಮನ್ನು ಮರೆತಿದ್ದವರಿಗೂ ಆ ಏಳು ದಿನಗಳಲ್ಲಿ ನಮ್ಮ ನೆನಪು ಉಕ್ಕಿಬರುತ್ತದೆ. ಕನ್ನಡ ಎಂ.ಎ. ಮಾಡಿ ಬಿ.ಕಾಂ. ಹುಡುಗರಿಗೆ ಭಾಷೆಯ ಪಾಠ ಹೇಳುವ ನನ್ನಂಥವನಿಗೂ ಈ ಮರ್ಯಾದೆ ತಪ್ಪಿದ್ದಲ್ಲ. ಪಂಪಭಾರತದಲ್ಲಿ ಎಷ್ಟು ಆಶ್ವಾಸಗಳುಂಟೆಂದು ಈತನಕ ಒಬ್ಬರೂ ನನ್ನನ್ನು ಕೇಳಿಲ್ಲ. ಮಗಳನ್ನು ಯಾವ ಕಾಲೇಜಿಗೆ ಸೇರಿಸಲಿ ಎಂದು ಕೇಳದವರಿಲ್ಲ.

ಈ ಸಲ ಬಂದವಳು ನನ್ನ ಅಕ್ಕ. ಜೊತೆಯಲ್ಲಿ ಅವಳ ಮಗಳು, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಅವರದು ಕೊಪ್ಪಳ ತಾಲ್ಲೂಕಿನ ಇರಕಲ್ಲಗಡ. ಹೆಸರಿನಲ್ಲಿಯೇ ಗಡವನ್ನು ಹೊತ್ತ ಊರು, ಹೋಬಳಿಯ ಠಾಣೆ. ಅಲ್ಲಿ ನಮ್ಮ ಭಾವನವರದೊಂದು ಕಿರಾಣಿ ಅಂಗಡಿ. ಹಳ್ಳಿಯ ಅಂಗಡಿ ನಡೆಯುವುದು ರೊಕ್ಕದ ಮೇಲಲ್ಲ, ಉದ್ದರಿಯ ಮೇಲೆ ಎಂಬುದು ಬಲ್ಲವರಿಗೆ ಗೊತ್ತು. ಸುಗ್ಗಿಗೆ ಕೊಡುವೆನೆಂದವರ, ಮಗನ ಪಗಾರ ಬಂದಾಗ ಕೊಡುವೆನೆಂದವರ, ಕೊಡುವೆನೆಂದೇ ಹೇಳದವರ ಹೆಸರುಗಳೆಲ್ಲ ಒಂದು ಉದ್ದನೆಯ ಕೆಂಪು ವಹಿಯಲ್ಲಿ ಸಾಲಾಗಿ ಕುಳಿತಿರುತ್ತವೆ. ಆರನೆಯ ತರಗತಿಯಿಂದ ಆ ವಹಿಯನ್ನು ಬರೆಯುತ್ತ ಬಂದವಳು ಈ ಹುಡುಗಿ. ಲೆಕ್ಕಶಾಸ್ತ್ರದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದಿದ್ದಾಳೆಂದು ಅಕ್ಕ ಹೇಳಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಅಕ್ಕ ಚೀಲದಿಂದ ಒಂದು ಬಣ್ಣದ ಪುಸ್ತಿಕೆ ತೆಗೆದಳು. ದೂರದ ದೊಡ್ಡ ನಗರವೊಂದರ ಕಾಲೇಜಿನದು. ಹೊಳೆಯುವ ಕಾಗದ, ಗಾಜಿನ ಕಟ್ಟಡ, ಕೊರಳಿಗೆ ಟೈ ಕಟ್ಟಿ ನಗುವ ಮಕ್ಕಳು. ಬಿ.ಕಾಂ. ಪದವಿಯೂ ಸಿ.ಎ. ತರಬೇತಿಯೂ ಒಂದೇ ಕಡೆ, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ, ವಸತಿಗೆ ಬೇರೆ.

"ನೀನ ಹೇಳಿಬಿಡು ತಮ್ಮಾ. ನಿಮ್ಮ ಮಾಮಾ ಆಗಲೇ ಓಣಿ ತುಂಬ ಹೇಳ್ಕೊಂಡ್ ಬಂದಾರ, ಮಗಳು ದೊಡ್ಡ ಊರಿಗೆ ಹೊಂಟಾಳಂತ. ನನ್ನ ನಾಕು ಬಳಿ ಅದಾವ. ಸಾಯೂಮುಂದ ಬಂಗಾರ ಏನ್ ಹೊತ್ಕೊಂಡ್ ಹೋಗ್ತೀನೇನು?"

ನಾನು ಪುಟಗಳನ್ನು ತಿರುವುತ್ತ ಕುಳಿತೆ. ಹುಡುಗಿ ಅಲ್ಲಿಯವರೆಗೆ ಸುಮ್ಮನಿದ್ದವಳು ಮೆಲ್ಲಗೆ ಕೇಳಿದಳು: "ಮಾಮಾ, ಪಾಠ ಯಾರ್ ಮಾಡ್ತಾರಂತ ಇದ್ರಾಗ ಎಲ್ಲೂ ಬರ್ದೇ ಇಲ್ಲಲ್ಲ?"

ನಿಜ. ಈಜುಕೊಳದ ಚಿತ್ರವಿತ್ತು, ಅಧ್ಯಾಪಕರ ಹೆಸರಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಾಲ್ಕು ವರ್ಷಗಳ ಕೆಳಗೆ ಅದೇ ಹೋಬಳಿಯ ಒಬ್ಬ ರೈತರು ತಮ್ಮ ಮಗನನ್ನು ಕರೆದುಕೊಂಡು ಇದೇ ಪಡಸಾಲೆಗೆ ಬಂದಿದ್ದರು. ಅವರ ಕೈಯಲ್ಲಿಯೂ ಇಂಥದೇ ಪುಸ್ತಿಕೆ. ನಾನು ಅದನ್ನು ನೋಡಿ ಮರುಳಾದೆನೋ, ಅಥವಾ ಬಲ್ಲವನಂತೆ ಕಾಣಿಸಿಕೊಳ್ಳುವ ಚಪಲವೋ, "ಸೇರಿಸಿರಿ, ಹುಡುಗ ಮುಂದೆ ಬಂದಾನು" ಎಂದುಬಿಟ್ಟೆ. ಅವರು ಒಂದು ಜೋಡಿ ಎತ್ತು ಮಾರಿ ಶುಲ್ಕ ಕಟ್ಟಿದರು. ಆ ಕಾಲೇಜಿನಲ್ಲಿ ಒಂದೇ ಅವಧಿಯಲ್ಲಿ ಲೆಕ್ಕದ ಅಧ್ಯಾಪಕರು ಮೂರು ಸಲ ಬದಲಾದರು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನಿಗೆ ಮೊದಲ ಮೂರು ತಿಂಗಳು ಪಾಠದ ಒಂದು ಮಾತೂ ಹತ್ತಲಿಲ್ಲ. ಸಿ.ಎ. ಫೌಂಡೇಶನ್ ಪರೀಕ್ಷೆಯಲ್ಲಿ ಎರಡು ಬಾರಿ ಎಡವಿದ. ಮನೆಯಲ್ಲಿ ಹೇಳಲು ನಾಚಿ ಪಾಸಾಯಿತೆಂದೇ ಹೇಳಿದ. ಸುಳ್ಳು ಬಯಲಾದ ದಿನ ತಂದೆ ನನಗೆ ಫೋನು ಮಾಡಿದರು. ಬಯ್ಯಲಿಲ್ಲ. "ನೀವು ಹೇಳಿದ್ರಿ ಅಂತ ಕಳಿಸಿದ್ದೆ ಸರ" ಎಂದರು, ಅಷ್ಟೇ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆದ್ದರಿಂದ ಈ ಸಲ ಅಕ್ಕನಿಗೆ ಒಡನೆ ಉತ್ತರ ಹೇಳಲಿಲ್ಲ. ಒಂದು ವಾರದ ಗಡುವು ಕೇಳಿ ತಿಳಿದವರನ್ನು ವಿಚಾರಿಸುತ್ತ ಹೋದೆ.

ಮೊದಲು ತಿಳಿದದ್ದು, ನಾವು ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಿದ್ದೇವೆ ಎಂಬುದು. ಬಿ.ಕಾಂ. ಎಂಬುದು ವಿಶ್ವವಿದ್ಯಾಲಯದ ಪದವಿ. ಸಿ.ಎ. ಪದವಿಯಲ್ಲ, 1949ರ ಶಾಸನದಿಂದ ಹುಟ್ಟಿದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಇಡೀ ದೇಶಕ್ಕೆ ಒಂದೇ ಪ್ರಶ್ನಪತ್ರಿಕೆಯಿಂದ ನಡೆಸುವ ಪರೀಕ್ಷೆ. ಹುಡುಗಿ ಹೆಸರು ನೋಂದಾಯಿಸುವುದು ಆ ಸಂಸ್ಥೆಯಲ್ಲಿ. ಪಾಠದ ಪುಸ್ತಕಗಳನ್ನೂ ಅದೇ ಕೊಡುತ್ತದೆ. ಯಾವ ಕಾಲೇಜೂ ಯಾರನ್ನೂ ಸಿ.ಎ. ಮಾಡಲಾರದು, ಓದುವವರಿಗೆ ನೆರವಾಗಬಹುದು, ಇಲ್ಲವೆ ಅಡ್ಡಿಯಾಗಬಹುದು. ಬಣ್ಣದ ಪುಸ್ತಿಕೆಯಲ್ಲಿ ತೇರ್ಗಡೆಯಾದವರ ಭಾವಚಿತ್ರ ಕಂಡಾಗ ಪರೀಕ್ಷೆಗೆ ಕುಳಿತವರು ಎಷ್ಟು ಮಂದಿ ಎಂದು ಕೇಳಬೇಕು. ಹತ್ತು ಮುಖಗಳು ನಗುತ್ತಿರುವ ಪುಟದ ಹಿಂದೆ ನಗದ ಮುಖಗಳೆಷ್ಟಿವೆಯೋ!

ಇನ್ನು ದಾರಿಗಳು ಎರಡು. ಪಿ.ಯು.ಸಿ. ಆದೊಡನೆ ಫೌಂಡೇಶನ್ ಪರೀಕ್ಷೆ ಬರೆಯಬಹುದು. ಲೆಕ್ಕ, ವ್ಯಾಪಾರದ ಕಾನೂನು, ಗಣಿತ ಮತ್ತು ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಎಂದು ನೂರು ನೂರು ಅಂಕಗಳ ನಾಲ್ಕು ಪತ್ರಿಕೆಗಳು. ಒಂದೊಂದರಲ್ಲಿಯೂ 40, ಒಟ್ಟಿನಲ್ಲಿ ಶೇಕಡಾ 50 ಬರಬೇಕು. ಕಡೆಯ ಎರಡು ಪತ್ರಿಕೆಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ನಮ್ಮ ಹುಡುಗಿ ಓದಿದ್ದು ಇತಿಹಾಸವಿರುವ ವಾಣಿಜ್ಯ ವಿಭಾಗ. ಸಂಖ್ಯಾಶಾಸ್ತ್ರವಾಗಲಿ ಮೂಲಗಣಿತವಾಗಲಿ ಅವಳಿಗಿರಲಿಲ್ಲ. ಮೂರನೆಯ ಪತ್ರಿಕೆ ಅವಳಿಗೆ ಕಡಿದಾದ ಗುಡ್ಡ. ಎರಡನೆಯ ದಾರಿಯಲ್ಲಿ ಅವಸರವಿಲ್ಲ. ವಾಣಿಜ್ಯ ಪದವಿಯಲ್ಲಿ ಶೇಕಡಾ 55 ಅಂಕ ಪಡೆದವರು ಫೌಂಡೇಶನ್ನಿನ ಗೊಡವೆಯಿಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಹೋಗಬಹುದು. ನಮ್ಮ ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಮೊದಲ ದಾರಿಯಲ್ಲಿ ಒಂದೇ ಏಟಿಗೆ ಪಾಸಾದವರಿಗೆ ಒಂದೆರಡು ವರ್ಷ ಉಳಿಯುತ್ತದೆ. ಎಡವಿದವರಿಗೆ ಧೈರ್ಯ ಸೋರುತ್ತದೆ. ಇಂಟರ್‌ಮೀಡಿಯೆಟ್ ಮುಗಿದ ಮೇಲೆ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಉಮೇದುವಾರಿ ಮಾಡಬೇಕು. ಅದು ಮೊದಲು ಮೂರು ವರ್ಷವಿದ್ದದ್ದು 2023ರ ಜುಲೈಯಿಂದ ಎರಡು ವರ್ಷವಾಗಿದೆ.

ಈ ಉಮೇದುವಾರಿಯೇ ಲೆಕ್ಕದ ಓದಿನ ಜೀವಾಳವೆಂದು ಬಲ್ಲವರು ಹೇಳಿದರು. ಅದಕ್ಕೆ ಬೇಕಾದದ್ದು ವ್ಯಾಪಾರ ನಡೆಯುವ ಊರು. ನಮ್ಮ ಕಡೆ ವ್ಯಾಪಾರಕ್ಕೇನು ಕೊರತೆ? ಗಂಗಾವತಿಯ ಅಕ್ಕಿ ಗಿರಣಿಗಳಿವೆ. ಕೊಪ್ಪಳದಿಂದ ಹೊಸಪೇಟೆಯ ದಾರಿಯಲ್ಲಿ ಕಬ್ಬಿಣದ ಕಾರ್ಖಾನೆಗಳಿವೆ. ಒಂದು ಟನ್ನು ಬೀಡುಕಬ್ಬಿಣಕ್ಕೆ ಬಿದ್ದ ಖರ್ಚೆಷ್ಟು ಎಂದು ಲೆಕ್ಕ ಹಾಕುವುದೇ ಬೇರೊಂದು ವಿದ್ಯೆ. 1959ರ ಶಾಸನದ ಕಾಸ್ಟ್ ಅಕೌಂಟೆಂಟರ ಸಂಸ್ಥೆ ಅದಕ್ಕೆಂದೇ ಇದೆ. ಪುಸ್ತಿಕೆ ಹಿಡಿದು ಬರುವ ತಂದೆತಾಯಿಗಳಲ್ಲಿ ಅದರ ಹೆಸರೆತ್ತಿದವರನ್ನು ನಾನು ಕಂಡಿಲ್ಲ.

ಈ ಓಡಾಟದಲ್ಲಿ ಕನ್ನಡದ ಮೇಷ್ಟರ ಮನಸ್ಸು ಬೇರೊಂದು ಕಡೆ ಹರಿಯಿತು, ವಾಚಕರು ಸಹಿಸಿಕೊಳ್ಳಬೇಕು. ಆ ಹುಡುಗಿಯ ಪಿ.ಯು.ಸಿ. ಪುಸ್ತಕವನ್ನು ನಾನು ಒಂದು ರಾತ್ರಿ ಕುಳಿತು ಓದಿದೆ. ತಾಳೆಪಟ್ಟಿ, ಖಾತಾವಹಿ, ಸವಕಳಿ, ಹೊಣೆಗಾರಿಕೆ: ಎಂಥ ಗಟ್ಟಿಮುಟ್ಟಾದ ಮಾತುಗಳು! ನಮ್ಮ ಸಹಕಾರಿ ಸಂಘಗಳ ವಾರ್ಷಿಕ ವರದಿ ತೆರೆದರೆ ಅಢಾವೆ ಪತ್ರಿಕೆ, ಘಸಾರೆ, ಜಮಾ, ಖರ್ಚು, ಶಿಲ್ಕು ಎಂದು ಇನ್ನೊಂದು ಭಂಡಾರವೇ ಇದೆ. ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘದಿಂದ ಮೊದಲುಗೊಂಡು ಇಂದಿನವರೆಗೆ ಎಷ್ಟು ಕೋಟಿಗಳ ವ್ಯವಹಾರ ಈ ಮಾತುಗಳಲ್ಲಿ ನಡೆದುಹೋಗಿರಬೇಡ! ಅದಕ್ಕೂ ಹಿಂದೆ ಶಾನುಭೋಗರ ಕಡತಗಳು, ಕಪ್ಪು ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಲೆಕ್ಕಗಳು. ಇನ್ನೂ ಹಿಂದಕ್ಕೆ ಹೋದರೆ ಕೌಟಿಲ್ಯ, ಆಷಾಢದಲ್ಲಿ ಅಧಿಕಾರಿಗಳೆಲ್ಲ ವರ್ಷದ ಲೆಕ್ಕ ಒಪ್ಪಿಸಬೇಕೆಂದವನು, ರಾಜನ ಹಣ ನುಂಗುವ ನಲವತ್ತು ಬಗೆಗಳನ್ನು ಎಣಿಸಿಟ್ಟವನು. ನಲವತ್ತೊಂದನೆಯದನ್ನು ನಮ್ಮ ಕಾಲದವರು ಕಂಡುಹಿಡಿದಿರಬಹುದು.

ನವಮ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಎಣಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ಆ ತಿರುಳ್ಗನ್ನಡದ ಮಗಳು ಇಷ್ಟು ಚೆಂದದ ಮಾತುಗಳಲ್ಲಿ ಲೆಕ್ಕ ಕಲಿತು ಸಿ.ಎ. ಪರೀಕ್ಷೆಗೆ ಹೋದರೆ ಅಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು, ಇಲ್ಲವೆ ಹಿಂದಿಯಲ್ಲಿ. ಜೋಡಿ ನಮೂದಿನ ಪದ್ಧತಿಯನ್ನು ಮೊದಲಬಾರಿಗೆ ಅಚ್ಚಿನಲ್ಲಿ ವಿವರಿಸಿದ ಲೂಕಾ ಪಾಚೋಲಿ ಎಂಬ ಸನ್ಯಾಸಿ 1494ರಲ್ಲಿ ವೆನಿಸ್ಸಿನಲ್ಲಿ ತನ್ನ ಗ್ರಂಥ ಪ್ರಕಟಿಸಿದಾಗ ವಿದ್ವಾಂಸರ ಲ್ಯಾಟಿನ್ನನ್ನು ಬಿಟ್ಟು ಅಂಗಡಿಕಾರರ ಆಡುಮಾತಾದ ಇಟಾಲಿಯನ್ನಿನಲ್ಲಿ ಬರೆದ. ವಿದ್ಯೆ ಹುಟ್ಟಿದ್ದು ಅಂಗಡಿಯ ಮಾತಿನಲ್ಲಿ. ಅಂಗಡಿಯ ಹುಡುಗಿಗೆ ಮಾತ್ರ ಅದು ಪರಭಾಷೆ! ಇದನ್ನು ನಾನು ಕುಳಿತಲ್ಲಿಂದ ಬದಲಾಯಿಸಲಾರೆ. ಆದರೆ ಕಾಲೇಜು ಆರಿಸುವಾಗ ಈ ಒಂದು ಮಾತನ್ನು ಎಲ್ಲಕ್ಕಿಂತ ಮೊದಲು ಇಡಬೇಕೆಂದು ನಿಶ್ಚಯಿಸಿದೆ: ಕನ್ನಡದಿಂದ ಇಂಗ್ಲಿಷಿಗೆ ಕೈಹಿಡಿದು ದಾಟಿಸುವ ಅಧ್ಯಾಪಕರು ಅಲ್ಲಿರುವರೋ ಇಲ್ಲವೋ?

ಮುಂದಿನ ಶನಿವಾರ ಅಕ್ಕ ಮತ್ತೆ ಬಂದಾಗ ಅವಳ ಮನಸ್ಸಿನಲ್ಲಿ ಹೊಸದೊಂದು ಭಯ ಹೊಕ್ಕಿತ್ತು. "ಹುಬ್ಬಳ್ಳಿಗಿ ಕಳಿಸಿದ್ರ ಮುನ್ನೂರಾ ಎಪ್ಪತ್ತೊಂದು ಜೆ ಹೊಕ್ಕೈತಂತಲ್ಲೋ?" ಸಂವಿಧಾನದ 371 ಜೆ ವಿಧಿಯ ಮಾತು ಅದು, ನಮ್ಮ ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣದಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ಮೀಸಲು ಕೊಟ್ಟ ತಿದ್ದುಪಡಿ, 2012ರಲ್ಲಿ ಸಂಸತ್ತು ಒಪ್ಪಿದ್ದು. ಯಾರೋ ಬಸ್ಸಿನಲ್ಲಿ ಹೆದರಿಸಿದ್ದರು. ಆ ಹಕ್ಕು ಹುಟ್ಟಿನಿಂದ, ತಂದೆತಾಯಿಗಳ ವಾಸದಿಂದ ಬರುವುದೇ ಹೊರತು ಕಾಲೇಜಿನ ವಿಳಾಸದಿಂದಲ್ಲ; ಹುಬ್ಬಳ್ಳಿಯಲ್ಲಿ ಮೂರು ವರ್ಷ ಓದಿದರೆ ಇರಕಲ್ಲಗಡದ ಹುಡುಗಿ ಇರಕಲ್ಲಗಡದವಳೇ ಎಂದು ತಿಳಿಸಿ ಹೇಳಿದೆ. ಹುಬ್ಬಳ್ಳಿಯ ಹೆಸರು ತಳ್ಳಿಹಾಕುವಂಥದಲ್ಲ. ಜಗದ್ಗುರು ಗಂಗಾಧರ ವಾಣಿಜ್ಯ ಮಹಾವಿದ್ಯಾಲಯದಂಥ ಹಳೆಯ ಕಾಲೇಜು ಅಲ್ಲಿದೆ. ಉಮೇದುವಾರಿಗೆ ಕಚೇರಿಗಳೂ ಹೆಚ್ಚು. ಕೊಪ್ಪಳದಿಂದ ರೈಲು ನೇರವಾಗಿ ಹೋಗುತ್ತದೆ. ಆದರೆ ನೂರು ಕಿಲೋಮೀಟರಿಗೂ ಮೇಲಿನ ಹಾದಿ; ದಿನವೂ ಹೋಗಿಬರುವ ಮಾತಲ್ಲ, ವಸತಿ ಬೇಕು.

ಆ ಭಾನುವಾರ ನಾನು ಸೊಸೆಯನ್ನು ಕರೆದುಕೊಂಡು ಗಂಗಾವತಿಗೆ ಹೋದೆ. ಕಾಲೇಜು ನೋಡಲಿಕ್ಕಲ್ಲ, ಆ ಹುಡುಗನನ್ನು ನೋಡಲಿಕ್ಕೆ. ಹೋಗುವುದಕ್ಕೆ ಅಂಜಿಕೆಯೂ ಇತ್ತು. ಆತ ಆ ನಗರದಿಂದ ಹಿಂದಿರುಗಿದ ಮೇಲೆ ಗಂಗಾವತಿಯಲ್ಲಿಯೇ ಬಿ.ಕಾಂ. ಸೇರಿ, ಸಂಜೆ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತ ಪದವಿ ಮುಗಿಸಿದ್ದ. ಗಿರಣಿಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರಿನ ಎದುರು ಕುಳಿತಿದ್ದ. ಟ್ಯಾಲಿ ಎಂಬ ಆ ಲೆಕ್ಕದ ತಂತ್ರಾಂಶ ಬೆಂಗಳೂರಿನದೇ. ತಂದೆ ಶ್ಯಾಮಸುಂದರ ಗೋಯೆಂಕಾರ ವ್ಯಾಪಾರದ ಲೆಕ್ಕಕ್ಕೆಂದು ಮಗ ಭರತ ಗೋಯೆಂಕಾ ಬರೆದದ್ದು, 1986ರಲ್ಲಿ ಕಂಪನಿಯಾಗಿ ಬೆಳೆದದ್ದು. ಹೊರಗೆ ಭತ್ತದ ಚೀಲಗಳ ಧೂಳು, ಒಳಗೆ ಬೆಳ್ಳಗಿನ ಪರದೆಯ ಮೇಲೆ ಜಿ.ಎಸ್.ಟಿ. ಕೋಷ್ಟಕ. 2017ರ ಜುಲೈ 1ರಂದು ಆ ತೆರಿಗೆ ಬಂದ ಮೇಲೆ ಲೆಕ್ಕ ಬಲ್ಲವರಿಗೆ ಕೆಲಸ ಮುಗಿಯುವುದೇ ಇಲ್ಲವೆಂದು ನಗುತ್ತ ಹೇಳಿದ.

ನಾನು ಹಳೆಯ ಮಾತು ಎತ್ತಿ ಕ್ಷಮೆ ಕೇಳಹೊರಟೆ. ಆತ ಎದ್ದು ಚಹಾ ತರಿಸಲು ಹೋದ; ಬಹುಶಃ ಆ ಮಾತು ಮುಂದುವರಿಯುವುದು ಅವನಿಗೂ ಬೇಡವಾಗಿತ್ತು. ಹಿಂದಿರುಗಿ ನನ್ನನ್ನು ಬಿಟ್ಟು ಹುಡುಗಿಯ ಕಡೆ ತಿರುಗಿ ಹೇಳಿದ:

"ನೋಡ್ ತಂಗಿ, ಕಾಲೇಜಿಗಿ ಹೋದ್ರ ಪ್ರಿನ್ಸಿಪಾಲರ ಕೋಣಿಗಿ ಹೋಗಬ್ಯಾಡ. ಅಲ್ಲಿ ಎಲ್ಲಾ ಚಲೋನ ಇರ್ತೈತಿ. ಮಧ್ಯಾಹ್ನದ ಕಡೀ ಪಿರಿಯಡ್ಡಿಗಿ ಹೋಗಿ ನಿಂದರು. ಮೇಷ್ಟ್ರು ಇದ್ದಾರೇನು, ಹುಡುಗ್ರು ಇದ್ದಾರೇನು ನೋಡು. ಎರಡನೇ ವರ್ಷದ ಒಂದು ಹುಡುಗೀನ ಕೇಳು, ಲೆಕ್ಕದ ಮೇಷ್ಟ್ರು ಹೋದ ವರ್ಷದವರ ಅದಾರೇನಂತ. ಲೈಬ್ರರಿ ಪುಸ್ತಕದ ಹಿಂದ ಚೀಟಿ ಅಂಟಿಸಿರ್ತಾರ. ಕಡೀ ತಾರೀಖು ಯಾವ್ದೈತಿ ನೋಡು."

ನಾಲ್ಕು ವರ್ಷಗಳ ಕೆಳಗೆ ನಾನು ಹೇಳಬೇಕಾಗಿದ್ದ ಮಾತುಗಳು ಇವು. ಅವನು ಈಗ ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಓದುತ್ತಿದ್ದಾನೆ. ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಪರೀಕ್ಷೆಯ ದಿನಗಳಿಗೆ ಕೆಂಪು ಗೆರೆ ಎಳೆದಿತ್ತು.

ಮರುದಿನ ಕೊಪ್ಪಳದಲ್ಲಿ ಎರಡು ಕಾಲೇಜು ಕಂಡೆವು. ಹೆಸರು ಹೇಳಿದರೆ ಜಾಹೀರಾತಾದೀತು, ಬೇಡ. ಮೊದಲನೆಯದರಲ್ಲಿ ಕಟ್ಟಡ ಹೊಸದು; ಕಡೆಯ ಪಿರಿಯಡ್ಡಿನಲ್ಲಿ ಬೆಂಚುಗಳು ಮಾತ್ರ ಇದ್ದವು. ಎರಡನೆಯದರಲ್ಲಿ ಗೋಡೆಯ ಸುಣ್ಣ ಉದುರಿತ್ತು, ಫ್ಯಾನು ಕಿರಗುಡುತ್ತಿತ್ತು. ಆದರೆ ಮಧ್ಯಾಹ್ನ ಮೂರೂವರೆಗೆ ನಲವತ್ತು ಮಂದಿಗೆ ಒಬ್ಬ ಅಧ್ಯಾಪಕರು ಘಸಾರೆಯ ಪಾಠ ಮಾಡುತ್ತಿದ್ದರು. ನಾನು ಹೆಸರು ಹೇಳಿಕೊಂಡು ಅಪ್ಪಣೆ ಕೇಳಿದೆ. ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿರೆಂದರು.

ಹಿಟ್ಟಿನ ಗಿರಣಿಯ ಉದಾಹರಣೆ. ಲಕ್ಷ ರೂಪಾಯಿಯ ಯಂತ್ರ, ವರ್ಷಕ್ಕೆ ಶೇಕಡಾ 10 ಸವೆತ. ಒಂದು ಪದ್ಧತಿಯಲ್ಲಿ ಪ್ರತಿವರ್ಷವೂ 10,000 ಕಳೆಯಬೇಕು. ಇನ್ನೊಂದರಲ್ಲಿ ಉಳಿದ ಬೆಲೆಯ ಮೇಲೆ ಕಳೆಯುತ್ತ ಹೋಗಬೇಕು: ಮೊದಲ ವರ್ಷ 10,000, ಎರಡನೆಯ ವರ್ಷ 9,000, ಮೂರನೆಯ ವರ್ಷ 8,100. ಮೊದಲು ಕನ್ನಡದಲ್ಲಿ ಹೇಳಿ, ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದು, ಹುಡುಗರಿಂದ ಇಂಗ್ಲಿಷಿನಲ್ಲಿಯೇ ಮತ್ತೆ ಹೇಳಿಸುತ್ತಿದ್ದರು. ಹಿಂದಿನ ಬೆಂಚಿನಿಂದ ನಮ್ಮ ಹುಡುಗಿ ಎದ್ದು ನಿಂತದ್ದನ್ನು ಕಂಡು ನನಗೇ ಗಾಬರಿಯಾಯಿತು.

"ಸರ್, ಉಳಿದಿದ್ದರ ಮ್ಯಾಲ ಕಳಕೋಂತ ಹೋದ್ರ ಅದು ಸೊನ್ನಿ ಆಗೂದ ಇಲ್ಲಲ್ರಿ?"

ಅಧ್ಯಾಪಕರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. "ಆಗೂದಿಲ್ಲ. ಯಂತ್ರ ಹಳೇದಾದ್ರೂ ಗುಜರಿಯಾಂವ ಏನರೆ ಕೊಟ್ಟ ಕೊಡ್ತಾನಲ್ಲ? ನೀ ಯಾವ ಕ್ಲಾಸಿನಾಕಿ?"

"ಇನ್ನೂ ಸೇರಿಲ್ರಿ ಸರ್" ಎಂದಳು. ತರಗತಿಯೆಲ್ಲ ನಕ್ಕಿತು, ಅವಳೂ ನಕ್ಕಳು.

ಬಸ್ಸಿನಲ್ಲಿ ಹಿಂದಿರುಗುವಾಗ ಅವಳು ತನ್ನ ನೋಟುಪುಸ್ತಕದಲ್ಲಿ ಎರಡು ಕಲಮು ಎಳೆದಳು. ಒಂದು ಕಡೆ ದೊಡ್ಡ ನಗರ, ಇನ್ನೊಂದು ಕಡೆ ಕೊಪ್ಪಳ. ಶುಲ್ಕ, ವಸತಿ, ಊಟ. ಬಸ್ಸಿನ ಖರ್ಚಿನ ಎದುರು ಕೊಪ್ಪಳದ ಕಲಮಿನಲ್ಲಿ ಸೊನ್ನೆ ಹಾಕಿದಳು; 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವಷ್ಟೆ. ಉಳಿಯುವ ಹಣದಲ್ಲಿ ಒಂದು ಕಂಪ್ಯೂಟರು, ರಜೆಯಲ್ಲಿ ಸಂಖ್ಯಾಶಾಸ್ತ್ರದ ಪಾಠ, ಮುಂದೆ ಇಂಟರ್‌ಮೀಡಿಯೆಟ್ ಹಂತದ ನೋಂದಣಿ. ಅವಳು ಆರಿಸಿದ್ದು ನಿಧಾನದ ದಾರಿಯನ್ನು. ಪದವಿಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿರುತ್ತದೆಂದು ನನ್ನನ್ನು ಕೇಳಿದಳು. ನಾನು ನಕ್ಕೆ. ಕೊಪ್ಪಳದವರ ಪದವಿಪತ್ರ ಒಂದು ಕಾಲಕ್ಕೆ ಧಾರವಾಡದಿಂದ ಬರುತ್ತಿತ್ತು. 1980ರ ನಂತರ ಗುಲಬರ್ಗಾದಿಂದ. 2010ರ ನಂತರ ಬಳ್ಳಾರಿಯಿಂದ. 2023ರಲ್ಲಿ ಕೊಪ್ಪಳಕ್ಕೇ ಒಂದು ವಿಶ್ವವಿದ್ಯಾಲಯ ಬಂತು, 2025ರಲ್ಲಿ ಅದನ್ನು ಉಳಿಸಬೇಕೋ ಬೇಡವೋ ಎಂಬ ಚರ್ಚೆಯೂ ಬಂತು. ಹೆಸರು ಯಾವುದಿದ್ದರೂ ಶೇಕಡಾ 55ರ ಲೆಕ್ಕ ಅದೇ ಎಂದೆ.

ಇರಕಲ್ಲಗಡದಲ್ಲಿ ಭಾವನವರಿಗೆ ಈ ತೀರ್ಮಾನ ಹಿಡಿಸಲಿಲ್ಲ. ನೋಟುಪುಸ್ತಕ ನೋಡಿದರು, ಮಡಿಸಿಟ್ಟರು. "ಓಣ್ಯಾಗ ಏನಂತ ಹೇಳ್ಲಿ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಗಳಿಗಾಗಿ ಆಸೆಪಟ್ಟ ತಂದೆಯ ಮುಖಕ್ಕೆ ಎರಡು ಕಲಮುಗಳ ಲೆಕ್ಕ ಹೇಳುವುದು ಸುಲಭವಲ್ಲ. ಎರಡು ದಿನ ಅವರು ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲವೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಬಳೆಗಳನ್ನು ಮಾತ್ರ ಅವಳು ಮತ್ತೆ ಕೈಗೆ ಹಾಕಿಕೊಂಡಿದ್ದಳು.

ಮೂರನೆಯ ದಿನ ಅರ್ಜಿಗೆ ಸಹಿ ಬೇಕಾಗಿತ್ತು. ಹುಡುಗಿ ಅಂಗಡಿಗೆ ಹೋಗಿ ಕಾಗದ ಮುಂದಿಟ್ಟಳಂತೆ. ಭಾವನವರು ತಕ್ಕಡಿಯಲ್ಲಿದ್ದ ಬೆಲ್ಲವನ್ನು ತೂಗಿ ಕೊಟ್ಟು, ಕೈ ಒರೆಸಿಕೊಂಡು, ಸಹಿ ಹಾಕಿದರು. ಆಮೇಲೆ ಕೆಂಪು ವಹಿಯನ್ನು ಅವಳ ಕಡೆ ಸರಿಸಿ ಕೇಳಿದರು:

"ಸಂಜಿ ಎಷ್ಟೊತ್ತಿಗಿ ಬರ್ತೀ ಕೊಪ್ಪಳದಿಂದ? ಇದನ್ನ ಯಾರ್ ಬರೀಬೇಕು?"